ತೋರಣ ಕಟ್ಟೋದು ತಪ್ಪಾ? ನಮ್ಮ ಬಾಗಿಲು, ನಮ್ಮ ಊಟದ ಟೇಬಲ್ಲು



ದಸರಾ ಹತ್ತಿರ ಬಂತು ಅಂದ್ರೆ ನನ್ನ ಇನ್‌ಬಾಕ್ಸಿಗೆ ಒಂದೇ ಥರದ ಪ್ರಶ್ನೆ ಬರೋಕೆ ಶುರುವಾಗುತ್ತೆ. "ಅಕ್ಕಾ, ನಾವು ಬಾಗಿಲಿಗೆ ಮಾವಿನ ತೋರಣ ಕಟ್ಟಬಹುದಾ? ಬಾಬಾಸಾಹೇಬರ ದಾರಿಯಲ್ಲಿ ನಡೆಯೋರು ಹಂಗೆ ಮಾಡಿದ್ರೆ ತಪ್ಪಾ?" ಅದೇ ಹೊತ್ತಿಗೆ ನಮ್ಮ ಅಣ್ಣಂದಿರ ವಾಟ್ಸಾಪ್ ಗುಂಪುಗಳಲ್ಲಿ ಜಗಳ. ಯಾರೋ ಹೆಣ್ಮಗಳು ಮನೆ ಮುಂದೆ ರಂಗೋಲಿ ಬಿಟ್ಟು, ಡೈನಿಂಗ್ ಟೇಬಲ್ ಮೇಲೆ ಹೂವಿಟ್ಟು, ಹಬ್ಬದ ಊಟದ ಫೋಟೋ ಹಾಕಿರ್ತಾಳೆ. ಕೆಳಗೆ ಸಾಲು ಸಾಲು ಕಾಮೆಂಟು. ಇವಳು ಮನುವಾದಿ ಆದಳು, ಇವಳಿಗೆ ಮೀಸಲಾತಿ ಬೇಕು ಅಂಬೇಡ್ಕರ್ ಬೇಡ, ಹೀಗೆ. ಪಾಪ, ಆ ಹುಡುಗಿ ಸಂಜೆಯೊಳಗೆ ಫೋಟೋ ತೆಗೆದುಹಾಕಿರ್ತಾಳೆ.

ಒಬ್ಬೊಬ್ಬರಿಗೇ ಉತ್ತರ ಬರೆದು ಬರೆದು ನನಗೆ ಸಾಕಾಗಿದೆ. ಅದಕ್ಕೇ ಈ ಸಲ ಒಟ್ಟಿಗೆ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮನೇನ ಸಿಂಗರಿಸೋದು ನಮ್ಮ ಹಕ್ಕು. ಆದರೆ ಯಾವ ದಿನಕ್ಕೆ ಸಿಂಗರಿಸ್ತೀವಿ, ಯಾರ ದುಡಿಮೆಯಿಂದ ಸಿಂಗರಿಸ್ತೀವಿ, ಸಿಂಗರಿಸಿದ ಮೇಲೆ ಯಾರ ಜೊತೆ ಕೂತು ಉಣ್ತೀವಿ, ಈ ಮೂರು ಪ್ರಶ್ನೆನ ನಾವು ಬಿಟ್ಟುಕೊಡಬಾರದು.

ಮೊದಲು ತೋರಣದ ವಿಚಾರ. ಅದು "ಅವರದು" ಅಂತ ನಾವೇ ಬರೆದುಕೊಟ್ಟುಬಿಟ್ಟಿದ್ದೀವಿ. ನಿಜವಾಗಿ ಯಾರದು ನೋಡೋಣ. ಗೌರಿ ಹಬ್ಬದಲ್ಲಿ ಮುತ್ತೈದೆಯರು ಬಾಗಿನ ಕೊಡ್ತಾರಲ್ಲ, ಆ ಜೋಡಿ ಮೊರ ಹೆಣೆದೋರು ಮೇದರು. ಬಿದಿರು ಸೀಳಿ ಸೀಳಿ ಅವರ ಬೆರಳು ಗಾಯ ಆಗಿರುತ್ತೆ, ಅದಕ್ಕೆ ಇವರು ಅರಿಶಿನ ಬಳಿದು "ಪವಿತ್ರ" ಮಾಡ್ಕೋತಾರೆ. ಹಬ್ಬಕ್ಕೆ ಮುಂಚೆ ಮನೆ ಗುಡಿಸೋ ಈಚಲ ಪೊರಕೆ ಕೊರಮರ ಕೈಯಿಂದ ಬಂದದ್ದು. ಹಣತೆ ಕುಂಬಾರರದ್ದು. ದೇವರ ಮೆರವಣಿಗೆ ಮುಂದಿನ ತಮಟೆ ಮಾದಿಗ ಅಣ್ಣಂದಿರದ್ದು, ಅದರ ಚರ್ಮ ಹದ ಮಾಡಿದ್ದೂ ಅವರೇ.

ನಮ್ಮಪ್ಪ ಚಿಕ್ಕೋರಿದ್ದಾಗ ಊರಿನ ದೊಡ್ಡ ಮನೇಲಿ ಮದುವೆ ಅಂದ್ರೆ ಚಪ್ಪರಕ್ಕೆ ಹಸಿರು ಸೊಪ್ಪು ಕಡಿದು ತರೋದು ನಮ್ಮ ಕೇರಿಯವರ ಬಿಟ್ಟಿ ಕೆಲಸ. ಚಪ್ಪರ ಹಾಕಿ ಮುಗಿದ ಮೇಲೆ ಅದರ ನೆರಳಿಗೆ ನಿಲ್ಲಂಗಿಲ್ಲ. ಊಟ ಬೇಕಂದ್ರೆ ಕೊನೇ ಪಂಕ್ತಿ ಎದ್ದ ಮೇಲೆ ಹಿತ್ತಲ ಕಡೆ ಹೋಗಿ ಕುಕ್ಕೆ ಒಡ್ಡಬೇಕು. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು, ತೋಟಿ ತಳವಾರಿಕೆಗಳು ಕಾಗದದ ಮೇಲೆ ಹೋದವು. ಸೊಪ್ಪು ತರೋ ಬಿಟ್ಟಿ ಮಾತ್ರ ನಮ್ಮೂರಲ್ಲಿ ಆಮೇಲೂ ಎಷ್ಟೋ ವರ್ಷ ನಡೀತು.

ಅಂದ್ರೆ ಅಲಂಕಾರ ಮಾಡೋ ಕಲೆ ನಮಗೆ ಗೊತ್ತಿಲ್ಲದ್ದೇನಲ್ಲ. ಊರಿನ ಎಲ್ಲ ಹಬ್ಬನೂ ಸಿಂಗರಿಸಿದ್ದು ನಾವೇ. ಸಿಂಗಾರದ ಒಳಗೆ ನಮಗೆ ಜಾಗ ಇರಲಿಲ್ಲ, ಅಷ್ಟೇ.

ಇನ್ನು "ಸನಾತನ" ಅನ್ನೋ ಮಾತು. ಆಯುಧಪೂಜೆ ದಿನ ಬಸ್ಸು, ಲಾರಿ, ಬೈಕು, ಬಾಗಿಲು, ಎಲ್ಲದಕ್ಕೂ ಚೆಂಡು ಹೂವು. ಈ ಚೆಂಡು ಹೂವಿನ ತವರು ಮೆಕ್ಸಿಕೋ ಕಡೆ. ಅಮೆರಿಕ ಖಂಡದಿಂದ ಯುರೋಪಿನ ವ್ಯಾಪಾರಿಗಳ ಕಾಲದಲ್ಲಿ ಇಲ್ಲಿಗೆ ಬಂದ ಗಿಡ ಅದು. ನಿಂಬೆಹಣ್ಣಿನ ಜೊತೆ ದೃಷ್ಟಿಗೆ ಅಂತ ಕಟ್ಟೋ ಹಸಿಮೆಣಸಿನಕಾಯಿನೂ ಅಲ್ಲಿಂದಲೇ ಬಂದಿದ್ದು. ಐನೂರು ವರ್ಷದ ಹಿಂದೆ ಇಲ್ಲಿ ಇಲ್ಲದ ಹೂವು ಇವತ್ತು ಬಾಗಿಲ ಮೇಲೆ "ನಮ್ಮ ಪರಂಪರೆ" ಆಗಿ ಕೂತಿದೆ. ಸಾವಿರಾರು ವರ್ಷದಿಂದ ಇದೇ ನೆಲದಲ್ಲಿ ಬದುಕಿದ ಮನುಷ್ಯರು ಅದೇ ಬಾಗಿಲ ಒಳಗೆ ಹೋಗಂಗಿಲ್ಲ. ಹೂವಿಗೆ ಸಿಕ್ಕ ಪೌರತ್ವ ನಮಗೆ ಸಿಗಲಿಲ್ಲ ನೋಡಿ.

ಈಗ ನಾನು ದಿನಾ ನೋಡೋ ಜಾಗಕ್ಕೆ ಬರ್ತೀನಿ. ನಾನು ಗುಮಾಸ್ತೆ. ಎಸ್‌ಡಿಎ ಆಗಿ ಸೇರಿ ಎಫ್‌ಡಿಎ ಆದವಳು. ಕಚೇರಿಯಲ್ಲಿ ಆಯುಧಪೂಜೆ ಅಂದ್ರೆ ವಾರಕ್ಕೆ ಮುಂಚೆ ಚಂದಾ ಪಟ್ಟಿ ತಯಾರಾಗುತ್ತೆ. ಪಟ್ಟಿ ಟೈಪ್ ಮಾಡೋದು ನನ್ನಂಥೋರು. ಗ್ರೂಪ್ ಡಿ ನೌಕರರು ರೆಕಾರ್ಡ್ ರೂಮಿನ ಧೂಳು ಹೊಡೀಬೇಕು, ಬಾಳೆ ಕಂದು ತಂದು ಬಾಗಿಲಿಗೆ ಕಟ್ಟಬೇಕು, ಜೀಪು ತೊಳೀಬೇಕು. ಪೂಜೆಗೆ ಮಾತ್ರ ಹೊರಗಿಂದ ಒಬ್ಬರು ಬರ್ತಾರೆ. ಪ್ರಸಾದ ಹಂಚೋ ಹೊತ್ತಿಗೆ ಯಾರು ಮುಂದೆ ನಿಲ್ತಾರೆ, ಯಾರು ಬಾಗಿಲ ಹತ್ರ ನಿಲ್ತಾರೆ ಅನ್ನೋದನ್ನ ಯಾರೂ ಹೇಳಿಕೊಡಬೇಕಾಗಿಲ್ಲ, ಎಲ್ಲರಿಗೂ ಗೊತ್ತು.

ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಗೋಡೆ ಮೇಲಿದ್ದ ಬಾಬಾಸಾಹೇಬರ ಫೋಟೋಗೂ ಆ ದಿನ ಅರಿಶಿನ ಕುಂಕುಮ ಹಚ್ಚಿ, ವಿಭೂತಿ ಎಳೆದಿದ್ದರು. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮೂರನೆಯದೇ ಗೌರಿ, ಗಣಪತಿ ಮುಂತಾದ ದೇವತೆಗಳನ್ನ ನಂಬಲ್ಲ, ಪೂಜಿಸಲ್ಲ ಅಂತ. ಅಂಥವರ ಹಣೆಗೆ ಕುಂಕುಮ! ನಾನು ಒದ್ದೆ ಬಟ್ಟೆ ತಗೊಂಡು ಗಾಜು ಒರೆಸಿದೆ. "ಏನ್ ಮೇಡಂ, ಮಹಾತ್ಮರಿಗೆ ಗೌರವ ಕೊಟ್ಟರೂ ತಪ್ಪಾ?" ಅಂದರು. ಗೌರವ ಕೊಡೋರು ಅವರು ಬರೆದಿದ್ದನ್ನ ಒಂದು ಪುಟ ಓದಿ ಸರ್, ಕುಂಕುಮ ಬೇಡ ಅಂದೆ. ಆಮೇಲೆ ಆ ಕಚೇರಿಯಲ್ಲಿ ನನ್ನ ಹೆಸರು "ಜಗಳಗಂಟಿ" ಅಂತಾಯ್ತು. ಇರಲಿ ಬಿಡಿ.

ಅಲಂಕಾರ ಅನ್ನೋದು ಬರೀ ಚೆಂದದ ವಿಷಯ ಅಲ್ಲ ಅಂತ ತೋರಿಸೋಕೆ ಇದನ್ನ ಹೇಳಿದೆ. ಯಾರನ್ನ ಬೇಕಾದರೂ ಹೂವು ಹಾಕಿ ಸುಮ್ಮನಾಗಿಸಬಹುದು. ವಾದ ಮಾಡಿ ಗೆಲ್ಲೋಕೆ ಆಗದವರನ್ನ ಫೋಟೋ ಮಾಡಿ, ಹಾರ ಹಾಕಿ, ಗೋಡೆಗೆ ನೇತುಹಾಕಿಬಿಡ್ತಾರೆ.

ಹಬ್ಬದ ಮಾರನೇ ದಿನ ಬೆಳಗ್ಗೆ ಐದೂವರೆಗೆ ಒಂದು ಸಲ ರಸ್ತೆಗೆ ಬನ್ನಿ. ಒಡೆದ ಬೂದುಗುಂಬಳಕಾಯಿ, ಕುಂಕುಮದ ನೀರು, ಬಾಡಿದ ಬಾಳೆ ಕಂದು, ಕೊಳೆತ ಹೂವು. ಬೆಂಗಳೂರಲ್ಲಿ ಮಾರಾಟ ಆಗದೆ ಉಳಿದ ಕಂದು, ಕುಂಬಳಕಾಯಿಗಳನ್ನ ವ್ಯಾಪಾರಿಗಳು ಮಾರ್ಕೆಟ್ ಪಕ್ಕದಲ್ಲೇ ಬಿಟ್ಟು ಹೋಗ್ತಾರೆ, ಗುಡ್ಡ ಬಿದ್ದಿರುತ್ತೆ. ಅದನ್ನೆಲ್ಲ ಎತ್ತೋರು ಪೌರಕಾರ್ಮಿಕರು. ಅವರಲ್ಲಿ ಬಹುಪಾಲು ದಲಿತ ಹೆಂಗಸರು. ಊರೆಲ್ಲ ರಜೆ ಮುಗಿಸಿ ನಿದ್ದೆ ಮಾಡ್ತಿರುವಾಗ ಅವರಿಗೆ ಮಾಮೂಲಿಗಿಂತ ದುಪ್ಪಟ್ಟು ಕೆಲಸ. ಆಯುಧಪೂಜೆ ಅಂತೀರಲ್ಲ, ಅವರ ಆಯುಧ ಆದ ಪೊರಕೆಗೆ ಯಾರು ಹೂವಿಡ್ತಾರೆ? ಅವರಿಗೆ ಹೂವು ಬೇಕಾಗೂ ಇಲ್ಲ. ಕೈಗೆ ಗ್ಲೌಸು, ಕಾಲಿಗೆ ಬೂಟು, ಕುಡಿಯೋಕೆ ನೀರು, ಖಾಯಂ ನೌಕರಿ ಬೇಕು.

ಈಗ ಬಾಡಿಗೆ ಮನೆ ವಿಚಾರ. ನಮ್ಮ ಸಂಘಟನೆಯ ಅಣ್ಣಂದಿರು ಇದನ್ನ ಸ್ವಲ್ಪ ನಿಧಾನವಾಗಿ ಓದಬೇಕು.

ನಗರದಲ್ಲಿ ನಮ್ಮವರು ಮನೆ ಹುಡುಕೋದು ಹೇಗೆ ಅಂತ ನಿಮಗೆಲ್ಲ ಗೊತ್ತಿದೆ. ಮೊದಲ ಪ್ರಶ್ನೆ ಊರು ಯಾವುದು. ಎರಡನೇದು ವೆಜ್ಜಾ ನಾನ್‌ವೆಜ್ಜಾ. ಮೂರನೇದನ್ನ ಬಾಯಿಬಿಟ್ಟು ಕೇಳಲ್ಲ, ಬಾಗಿಲು ನೋಡಿ ತಿಳ್ಕೋತಾರೆ. ಬಾಗಿಲ ಮೇಲೆ ತೋರಣ ಇದೆಯಾ, ಹೊಸ್ತಿಲಿಗೆ ಅರಿಶಿನ ಇದೆಯಾ, ಬೆಳಗ್ಗೆ ಎದ್ದು ರಂಗೋಲಿ ಬಿಡ್ತಾರಾ, ಶ್ರಾವಣದಲ್ಲಿ ವರಮಹಾಲಕ್ಷ್ಮಿ ಕೂರಿಸ್ತಾರಾ. ಬಾಗಿಲೇ ಜಾತಿ ಸರ್ಟಿಫಿಕೇಟು. ನಮ್ಮ ಎಷ್ಟೋ ಹೆಣ್ಣುಮಕ್ಕಳು ತೋರಣ ಕಟ್ಟೋದು ಭಕ್ತಿಯಿಂದ ಅಲ್ಲ, ಮುಂದಿನ ತಿಂಗಳೂ ಆ ಮನೇಲಿ ಇರೋಕೆ. ಓನರ್ ಬರ್ತಾರೆ ಅಂದ್ರೆ ಹಾಲಿನಲ್ಲಿರೋ ಬಾಬಾಸಾಹೇಬರ ಫೋಟೋ ಬೆಡ್‌ರೂಮಿಗೆ ಹೋಗುತ್ತೆ. ಇದನ್ನ ಬರೆಯೋವಾಗ ಹೊಟ್ಟೆ ಉರಿಯುತ್ತೆ.

2025ರಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ನಡೆದಾಗ ನಾವು ಕೆಲವರು ನಮ್ಮ ಬಂಧುಗಳ ಮನೆ ಮನೆಗೆ ಹೋಗಿ "ಜಾತಿ ಸರಿಯಾಗಿ ಬರೆಸಿ" ಅಂತ ಹೇಳಿ ಬಂದೆವು. ಎಷ್ಟೋ ಮನೆಗಳಲ್ಲಿ ಒಳಗೆ ಕರೆದು, ಬಾಗಿಲು ಹಾಕಿ, "ಮೆಲ್ಲಗೆ ಮಾತಾಡಿ ಅಕ್ಕ, ಪಕ್ಕದ ಮನೆಯವರಿಗೆ ಗೊತ್ತಿಲ್ಲ" ಅಂದರು. ಸಮೀಕ್ಷೆ ಆಗಿದೆ ಅಂತ ಬಾಗಿಲಿಗೆ ಅಂಟಿಸೋ ಸ್ಟಿಕ್ಕರ್ ಬೇಡ ಅಂದೋರೂ ಸಿಕ್ಕರು. ಯಾಕೆ ಅಂತ ಕೇಳಬೇಕಾ? ಪಾಲಿಕೆ ಸಿಬ್ಬಂದಿ ಮನೆಯವರನ್ನ ಮಾತಾಡಿಸದೆಯೇ ಸ್ಟಿಕ್ಕರ್ ಅಂಟಿಸಿ ಹೋದ ಗಲಾಟೆನೂ ಬೆಂಗಳೂರಲ್ಲಿ ಆಯ್ತು. ಒಂದೇ ಬಾಗಿಲು, ಒಂದು ಕಡೆ ತೋರಣ, ಇನ್ನೊಂದು ಕಡೆ ಸ್ಟಿಕ್ಕರ್. ತೋರಣ ನಮ್ಮನ್ನ ಮುಚ್ಚಿಡುತ್ತೆ, ಸ್ಟಿಕ್ಕರ್ ನಮ್ಮನ್ನ ತೋರಿಸುತ್ತೆ. ಎರಡರ ನಡುವೆ ನಿಂತಿರೋಳು ನಮ್ಮ ಅಕ್ಕನೋ ತಂಗಿಯೋ. ಅವಳಿಗೆ ಫೇಸ್‌ಬುಕ್ಕಲ್ಲಿ "ಮನುವಾದಿ" ಅಂತ ಬೈಯೋಕೆ ಮುಂಚೆ ಅವಳಿಗೊಂದು ಬಾಡಿಗೆ ಮನೆ ಕೊಡಿಸಿ ನೋಡೋಣ.

ಸರಿ, ಹೆದರಿಕೆಯಿಂದ ಕಟ್ಟೋರು ಒಂದು ಕಡೆ. ಇಷ್ಟಪಟ್ಟು ಕಟ್ಟೋರ ಕಥೆ ಏನು? ಅವರಿಗೂ ನಾನು ತಪ್ಪು ಅನ್ನಲ್ಲ.

ನಮ್ಮವ್ವನ್ನ ನೋಡಿದ್ದೀನಿ. ಮಾರಿಹಬ್ಬ ಬಂತು ಅಂದ್ರೆ ಕೂಲಿ ಮುಗಿಸಿ ಬಂದು ರಾತ್ರಿ ಬುಡ್ಡಿ ಬೆಳಕಲ್ಲಿ ಗೋಡೆಗೆ ಸುಣ್ಣ ಬಳಿಯೋಳು. ಕೆಳಗಡೆ ಒಂದು ಮೊಳ ಕೆಮ್ಮಣ್ಣಿನ ಪಟ್ಟಿ. ನೆಲಕ್ಕೆ ಸಗಣಿ ಸಾರಿಸಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸೋಳು. ಒಂದೂವರೆ ಅಂಕಣದ ಮನೆ, ಮಳೆ ಬಂದರೆ ಸೋರೋದು. ಆದರೂ ಹಬ್ಬದ ಬೆಳಗ್ಗೆ ಅದು ಊರೊಳಗಿನ ಯಾವ ತೊಟ್ಟಿಮನೆಗೂ ಕಮ್ಮಿ ಇರ್ತಿರಲಿಲ್ಲ. ಯಾರನ್ನ ಮೆಚ್ಚಿಸೋಕೆ? ಊರಿನವರು ಕೇರಿ ಕಡೆ ತಲೆ ಹಾಕ್ತಿರಲಿಲ್ಲ. ಅವ್ವ ಮಾಡಿದ್ದು ಅವಳಿಗೋಸ್ಕರ, ನಮಗೋಸ್ಕರ. "ಇದು ಮನುಷ್ಯರು ಇರೋ ಮನೆ" ಅನ್ನೋದೇ ಆ ಸುಣ್ಣದ ಅರ್ಥ.

ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟರು, ಅದು ನಮಗೆಲ್ಲ ಬಾಯಿಪಾಠ. ಅದೇ ಸಮ್ಮೇಳನದಲ್ಲಿ ಅವರು ಹೆಂಗಸರನ್ನ ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತಾಡಿದ್ದನ್ನ ಎಷ್ಟು ಜನ ಓದಿದ್ದೀವಿ? ನೀವು ಸೀರೆ ಉಡೋ ರೀತಿ, ಹಾಕ್ಕೊಳ್ಳೋ ಭಾರದ ಒಡವೆ, ಇವು ದೂರದಿಂದಲೇ ನಿಮ್ಮನ್ನ ಅಸ್ಪೃಶ್ಯರು ಅಂತ ತೋರಿಸೋ ಗುರುತುಗಳು, ಅವನ್ನ ಬಿಡಿ, ಸ್ವಚ್ಛವಾಗಿ, ಘನತೆಯಿಂದ ಇರಿ ಅನ್ನೋದು ಆ ಮಾತಿನ ಸಾರ. ಸಮ್ಮೇಳನ ಮುಗಿಯೋದರೊಳಗೇ ಎಷ್ಟೋ ಹೆಂಗಸರು ಸೀರೆ ಉಡೋ ರೀತಿ ಬದಲಾಯಿಸಿಕೊಂಡರು. ಉಡುಗೆ, ತೊಡುಗೆ, ಮನೆಯ ಚೆಂದ ಇವೆಲ್ಲ ಹೋರಾಟದ ಹೊರಗಿನ ವಿಷಯ ಅಂತ ಅವರು ಯಾವತ್ತೂ ತಿಳಿದಿರಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರಕ್ಕೆ ಬಂದ ಜನ ಬಿಳಿ ಬಟ್ಟೆ ಉಟ್ಟು ಬಂದಿದ್ದರು. ಹೊಟ್ಟೆಗಿಲ್ಲದ ಜನ, ಆದರೂ ಆ ದಿನಕ್ಕೆ ಬಿಳಿ ಬಟ್ಟೆ.

ಸಂವಿಧಾನದ ಮೂಲ ಪ್ರತಿಯನ್ನೇ ತಗೊಳ್ಳಿ. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅದನ್ನ ಕೈಯಲ್ಲಿ ಬರೆದರು. ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಕಲಾವಿದರು ಪುಟ ಪುಟಕ್ಕೂ ಚಿತ್ರ, ಅಂಚು ಬರೆದು ಅಲಂಕರಿಸಿದರು. ಪೀಠಿಕೆಯ ಪುಟದ ಸುತ್ತಲಿನ ಚಿತ್ತಾರ ಬೇವಹಾರ್ ರಾಮಮನೋಹರ ಸಿನ್ಹಾ ಅವರದು. ಟೈಪ್ ಮಾಡಿದ ಹಾಳೆಯಲ್ಲೂ ಸಮಾನತೆ ಸಮಾನತೆನೇ. ಆದರೂ ಅದನ್ನ ಸುಂದರವಾಗಿ ಬರೆಸಬೇಕು ಅಂತ ಯಾರಿಗೋ ಅನ್ನಿಸಿತು. ನಮಗೆ ಮುಖ್ಯವಾದದ್ದನ್ನ ನಾವು ಸಿಂಗರಿಸ್ತೀವಿ, ಅದು ಮನುಷ್ಯರ ಗುಣ. ಆ ಗುಣನ ಪುರೋಹಿತರಿಗೆ ಗುತ್ತಿಗೆ ಕೊಡೋ ಅಗತ್ಯ ಇಲ್ಲ.

ಹಾಗಾದ್ರೆ ಏನು ಬೇಕಾದರೂ ಮಾಡಬಹುದಾ? ಇಲ್ಲ. ದಸರಾ ಗೊಂಬೆ ಕೂರಿಸೋದನ್ನ ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸ್ತಾರೆ. ಮೇಲೆ ಕಳಸ, ದೇವರು, ರಾಜ ರಾಣಿ. ಕೆಳಗೆ ಕೆಳಗೆ ಬರ್ತಾ ಅಂಗಡಿಯವನು, ರೈತ, ಹಳ್ಳಿಯ ಜನ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂತ ಹೇಳಿದ್ದು ಏನು ಅಂತ ಮಕ್ಕಳಿಗೆ ವಿವರಿಸೋಕೆ ಇದಕ್ಕಿಂತ ಒಳ್ಳೇ ಮಾದರಿ ಬೇಕಾ? ನಿಮ್ಮ ಮಕ್ಕಳು ಗೊಂಬೆ ಬೇಕು ಅಂತ ಹಟ ಮಾಡಿದರೆ ಬೈಯಬೇಡಿ. ಚನ್ನಪಟ್ಟಣದ ಗೊಂಬೆ ತನ್ನಿ, ಕಿನ್ನಾಳದ ಗೊಂಬೆ ತನ್ನಿ. ಎಲ್ಲವನ್ನೂ ಒಂದೇ ಹಲಗೆ ಮೇಲೆ ಸಾಲಾಗಿ ಇಡಿ. ರಾಜನ ಪಕ್ಕದಲ್ಲಿ ಪೊರಕೆ ಹಿಡಿದ ಹೆಂಗಸು. ಯಾಕೆ ಹೀಗೆ ಅಂತ ಮಗು ಕೇಳುತ್ತೆ. ಆಗ ಹೇಳಿ.

ದೀಪಾವಳಿಗೂ ಅಷ್ಟೇ. ಜ್ಯೋತಿಬಾ ಫುಲೆ 1873ರ "ಗುಲಾಮಗಿರಿ"ಯಲ್ಲಿ ಬಲಿರಾಜನನ್ನ ಶೂದ್ರಾತಿಶೂದ್ರರ ದೊರೆ ಅಂತ ಓದಿದರು. ಬಲಿಪಾಡ್ಯಮಿಗೆ ದೀಪ ಹಚ್ಚೋರು ಯಾರಿಗೆ ಹಚ್ಚುತ್ತಿದ್ದೀವಿ ಅಂತ ಮನೆಯಲ್ಲಿ ಮಾತಾಡಲಿ. ದೀಪ ಅದೇ, ಹಣತೆ ಅದೇ, ಕಥೆ ಬೇರೆ.

ಈಗ ನನ್ನ ಪ್ರಕಾರ ಅತಿ ಮುಖ್ಯವಾದ ಮಾತು: ಊಟದ ಟೇಬಲ್ಲು.

ಬಾಗಿಲು ಹೊರಗಿನವರಿಗೆ ಕಾಣುತ್ತೆ. ಟೇಬಲ್ ಕಾಣಲ್ಲ. ಜಾತಿ ಅಡಗಿ ಕೂರೋದೇ ಅಲ್ಲಿ. ಊಟಕ್ಕೆ ಯಾರು ಯಾರ ಪಕ್ಕ ಕೂರಬೇಕು, ಯಾರಿಗೆ ಬಾಳೆ ಎಲೆ, ಯಾರಿಗೆ ಮುತ್ತುಗದ ಎಲೆ, ಯಾರಿಗೆ ಹೊರಗಿಟ್ಟ ತಟ್ಟೆ, ಈ ನಿಯಮಗಳ ಮೇಲೇ ಈ ದೇಶ ನಿಂತಿತ್ತು. ಉಂಡೆದ್ದ ಎಂಜಲೆಲೆ ಮೇಲೆ ಜನರನ್ನ ಉರುಳಿಸೋ ಪದ್ಧತಿನ ನಿಲ್ಲಿಸೋಕೆ ನಮ್ಮ ರಾಜ್ಯಕ್ಕೆ 2017ರ ಮೌಢ್ಯ ವಿರೋಧಿ ಕಾಯ್ದೆ ಬೇಕಾಯ್ತು, ಅದು ಜಾರಿಗೆ ಬಂದಿದ್ದು 2020ರಲ್ಲಿ.

ಮಂಡ್ಯದಲ್ಲಿ 2024ರ ಡಿಸೆಂಬರ್‌ನಲ್ಲಿ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಆಗಿನ ಸೂಚನೆ ನೆನಪಿದೆಯಾ? ಮಳಿಗೆಗಳಲ್ಲಿ ಮದ್ಯ, ತಂಬಾಕು, ಮಾಂಸಾಹಾರ ನಿಷೇಧ ಅಂತ ಒಂದೇ ಉಸಿರಲ್ಲಿ ಬರೆದಿದ್ದರು. ಮಂಡ್ಯದ ನೆಲದಲ್ಲಿ ಬಾಡೂಟಕ್ಕೆ ಬೀಡಿ, ಬ್ರಾಂದಿ ಜೊತೆ ಜಾಗ! ಜನ ಬೀದಿಗಿಳಿದು ಬಾಡೂಟ ಬೇಕು ಅಂತ ಕೇಳಿದರು. ಕೊನೆಗೆ ಮೊಟ್ಟೆ ಬಂತು. ಅದು ಬರೀ ಊಟದ ಗಲಾಟೆ ಅಂತ ನಕ್ಕೋರೂ ಇದ್ದರು. ಸಾರ್ವಜನಿಕ ಪಂಕ್ತಿಯಲ್ಲಿ ಯಾರ ಊಟ ಮರ್ಯಾದೆಯದು ಅನ್ನೋ ಪ್ರಶ್ನೆ ಅದು.

ನಮ್ಮ ಮನೆಗಳಲ್ಲೇ ನೋಡಿ. ಯುಗಾದಿಗೆ ಒಬ್ಬಟ್ಟು, ತೋರಣ, ಹೊಸ ಟೇಬಲ್ ಕ್ಲಾತು, ಬಾಳೆ ಎಲೆ, ಫೋಟೋ. ಮಾರನೇ ದಿನ ಹೊಸತೊಡಕು. ಅಸಲಿ ಹಬ್ಬ ಅದೇ ನಮಗೆ. ಬೆಳಗಿನ ಜಾವ ಕ್ಯೂ ನಿಂತು ಮಟನ್ ತರ್ತೀವಿ. ಆದರೆ ಅವತ್ತು ಟೇಬಲ್ ಕ್ಲಾತ್ ತೆಗೆದಿರ್ತೀವಿ, ಕಿಟಕಿ ಮುಚ್ಚಿರ್ತೀವಿ, ವಾಸನೆ ಹೋಗೋಕೆ ಊದುಬತ್ತಿ ಹಚ್ಚಿರ್ತೀವಿ. ಫೋಟೋ ಅಂತೂ ಇಲ್ಲವೇ ಇಲ್ಲ. ನಮ್ಮ ಊಟಕ್ಕೆ ನಾವೇ ಸಿಂಗಾರ ಮಾಡಲ್ಲ ಅಂದ್ರೆ ಅದು ಕೀಳು ಅಂತ ನಾವೇ ಒಪ್ಪಿಕೊಂಡ ಹಾಗಲ್ವಾ? ಒಬ್ಬಟ್ಟಿಗೆ ಹಾಸಿದ ಬಟ್ಟೆನೇ ಬಾಡಿಗೂ ಹಾಸಿ. ಮುದ್ದೆ, ಸಾರು, ಬೋಟಿ ಗೊಜ್ಜು ಒಳ್ಳೇ ಬಟ್ಟಲಲ್ಲಿ ಬರಲಿ.

ಕೇರಳದ ಚೆರಾಯಿಯಲ್ಲಿ 1917ರಲ್ಲಿ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ನಡೆಸಿದರು. ಈಳವರು ಪುಲಯರ ಜೊತೆ ಕೂತು ಉಂಡರು. ಅಷ್ಟಕ್ಕೇ ಸಮಾಜ ಅವರ ಮೇಲೆ ಮುಗಿಬಿತ್ತು. ಒಂದು ಊಟಕ್ಕೆ ಅಷ್ಟು ಶಕ್ತಿ. ಹಾಗಂತ ಊಟದಿಂದಲೇ ಜಾತಿ ಹೋಗುತ್ತೆ ಅಂತ ನಾನು ಹೇಳ್ತಿಲ್ಲ. 1936ರ "ಜಾತಿ ವಿನಾಶ"ದಲ್ಲಿ ಬಾಬಾಸಾಹೇಬರು ಸಹಭೋಜನ ಸಾಲದು, ಅಂತರ್ಜಾತಿ ಮದುವೆಯೇ ನಿಜವಾದ ಮದ್ದು, ಅದಕ್ಕೂ ಮೊದಲು ಶಾಸ್ತ್ರಗಳ ಮೇಲಿನ ನಂಬಿಕೆ ಹೋಗಬೇಕು ಅಂತ ಬರೆದಿದ್ದಾರೆ. ಒಪ್ಪೋಣ. ಆದರೆ ನಮ್ಮನಮ್ಮಲ್ಲೇ ಹೊಲೆಯರ ಮನೇಲಿ ಮಾದಿಗರು, ಮಾದಿಗರ ಮನೇಲಿ ಹೊಲೆಯರು ಹಬ್ಬದ ಊಟಕ್ಕೆ ಎಷ್ಟು ಸಲ ಕೂತಿದ್ದೀವಿ? ಒಳಮೀಸಲಾತಿ ಚರ್ಚೆಯಲ್ಲಿ ಒಬ್ಬರ ಮೇಲೊಬ್ಬರು ಪುಟಗಟ್ಟಲೆ ಬರೆದೆವು. ಒಂದು ತಟ್ಟೆ ಅನ್ನ ಹಂಚಿಕೊಂಡು ಆ ಚರ್ಚೆ ಮಾಡಿದ್ದರೆ ಭಾಷೆಯಾದರೂ ಸ್ವಲ್ಪ ಮೆತ್ತಗಿರ್ತಿತ್ತು.

ಟೇಬಲ್ಲಿನ ಇನ್ನೊಂದು ಸತ್ಯ ಹೇಳ್ತೀನಿ, ಅಣ್ಣಂದಿರು ಬೇಜಾರಾಗಬೇಡಿ. ಹೂವಿಟ್ಟು, ಬಟ್ಟೆ ಹಾಸಿ, ಆರು ಥರ ಅಡುಗೆ ಬಡಿಸಿದ ಮೇಲೆ ಅಡುಗೆ ಮಾಡಿದೋಳು ಎಲ್ಲಿ ಕೂರ್ತಾಳೆ? ಗಂಡಸರು ಉಂಡು, ಮಕ್ಕಳು ಉಂಡು, ನೆಂಟರು ಉಂಡು, ಉಳಿದ ಸಾರಲ್ಲಿ ಅಡುಗೆಮನೆ ಕಟ್ಟೆಗೆ ಒರಗಿ ನಿಂತು ಉಣ್ತಾಳೆ. ಊರಿನವರು ಕೇರಿಗೆ ಕೊನೇ ಪಂಕ್ತಿ ಇಟ್ಟರು ಅಂತ ಭಾಷಣ ಮಾಡೋ ನಾವು ನಮ್ಮ ಹೆಂಗಸರಿಗೆ ಕೊನೇ ಪಂಕ್ತಿ ಇಟ್ಟಿದ್ದೀವಿ. ಸಿಂಗಾರದ ಕೆಲಸ ಪೂರಾ ಹೆಂಗಸರದ್ದು, ಸಿಂಗಾರ ಮಾಡಿದ್ದಕ್ಕೆ ಬೈಗುಳವೂ ಹೆಂಗಸರಿಗೆ. ಅದೇ ಅಣ್ಣ ಏಪ್ರಿಲ್ 14ಕ್ಕೆ ಡಿಜೆಗೆ, ಆಳೆತ್ತರದ ಫ್ಲೆಕ್ಸಿಗೆ, ಅದರ ಮೂಲೆಯಲ್ಲಿ ತನ್ನ ಫೋಟೋಗೆ ಖರ್ಚು ಮಾಡಿದಾಗ ಅದು ಚಳವಳಿ. ಅವಳು ಮನೆಯೊಳಗೆ ನಾಲ್ಕು ಹೂವಿಟ್ಟರೆ ಅದು ಗುಲಾಮಗಿರಿ. ಇದು ಯಾವ ನ್ಯಾಯ?

"ಇದೆಲ್ಲ ಸಂಸ್ಕೃತೀಕರಣ ಅಲ್ವಾ ಮೇಡಂ?" ಅಂತ ಓದಿದ ತಮ್ಮಂದಿರು ಕೇಳ್ತಾರೆ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡಗಿನ ಬಗ್ಗೆ ಬರೆದ ಪುಸ್ತಕದಲ್ಲಿ ಆ ಮಾತನ್ನ ಬಳಕೆಗೆ ತಂದರು. ಕೆಳಗಿನವರು ಮೇಲಿನವರ ಆಚರಣೆನ ಅನುಸರಿಸಿ ಮೇಲೇರೋಕೆ ನೋಡ್ತಾರೆ ಅನ್ನೋದು ಅದರ ತಾತ್ಪರ್ಯ. ವರಮಹಾಲಕ್ಷ್ಮಿಗೆ ಸಂಘದ ಸಾಲ ತಗೊಂಡು ಬೆಳ್ಳಿ ಮುಖವಾಡ ತಂದು, ನೋಟಿನ ಹಾರ ಮಾಡಿ ಕೂರಿಸೋದಕ್ಕೆ ಆ ಮಾತು ಸರಿಯಾಗಿ ಹೊಂದುತ್ತೆ. ಅದನ್ನ ನಾನೂ ವಿರೋಧಿಸ್ತೀನಿ. ಮುಂದಿನ ಶ್ರಾವಣದ ತನಕ ಕಂತು ಕಟ್ಟೋದೇ ಆಗುತ್ತೆ, ಲಕ್ಷ್ಮಿ ಬರಲ್ಲ. ಆದರೆ ಶುಚಿ, ಚೆಂದ, ಬಣ್ಣ, ಹೂವು ಇವೆಲ್ಲ ಮೇಲಿನವರ ಆಸ್ತಿ, ನಾವು ಮಾಡಿದರೆ ನಕಲು ಅನ್ನೋದನ್ನ ಒಪ್ಪಲ್ಲ. ಹಾಗಂದ್ರೆ ನಮ್ಮವ್ವನ ಸುಣ್ಣ ಕೆಮ್ಮಣ್ಣು ಯಾರ ನಕಲು?

ನಮಗೆ ನಮ್ಮದೇ ದಿನಗಳಿವೆ. ಜನವರಿ 1 ಭೀಮಾ ಕೋರೆಗಾಂವ್. 1818ರ ಆ ಯುದ್ಧದ ಸ್ತಂಭಕ್ಕೆ ಬಾಬಾಸಾಹೇಬರು 1927ರಲ್ಲಿ ಹೋಗಿ ನಮಿಸಿದರು. ಊರೆಲ್ಲ ಹೊಸ ವರ್ಷ ಅಂತ ಕೇಕ್ ಕೊಯ್ಯೋ ದಿನವೇ ಅದು. ಜನವರಿ 3 ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನ. ಏಪ್ರಿಲ್ 14. ಬುದ್ಧ ಪೂರ್ಣಿಮೆ. ಅಕ್ಟೋಬರ್ 14. ನವೆಂಬರ್ 26 ಸಂವಿಧಾನ ದಿನ. ಡಿಸೆಂಬರ್ 6 ದುಃಖದ ದಿನ, ಅವತ್ತು ಒಂದು ಮೇಣದಬತ್ತಿ ಸಾಕು. ಇಷ್ಟು ದಿನಗಳಿದ್ದರೂ ಎಲ್ಲವೂ ಸರ್ಕಲ್ಲಿನಲ್ಲಿ, ಸ್ಟೇಜಿನ ಮೇಲೆ ಮುಗಿದುಹೋಗ್ತಾವೆ. ಮನೆಯೊಳಗೆ ಬರಲ್ಲ. ಮಗು ಮನೆಯೊಳಗೆ ಕಾಣೋದು ವರಮಹಾಲಕ್ಷ್ಮಿ, ಗಣೇಶ, ದಸರಾ ಮಾತ್ರ. ಬಣ್ಣ, ಸಿಹಿ, ಹೊಸ ಬಟ್ಟೆ, ನೆಂಟರು, ಎಲ್ಲ ಅಲ್ಲಿ. ನಮ್ಮ ದಿನಗಳಲ್ಲಿ ಅಪ್ಪ ಮನೇಲೇ ಇರಲ್ಲ, ಮೆರವಣಿಗೆಗೆ ಹೋಗಿರ್ತಾನೆ. ಆಮೇಲೆ ಮಗ ದೊಡ್ಡವನಾಗಿ ಆ ಕಡೆ ವಾಲಿದರೆ ಯಾರನ್ನ ಬೈಯೋದು? ಮಕ್ಕಳಿಗೆ ಸಿದ್ಧಾಂತಕ್ಕಿಂತ ಮೊದಲು ನೆನಪಾಗಿ ಉಳಿಯೋದು ವಾಸನೆ, ರುಚಿ, ಬೆಳಕು.

ಶ್ರೀಲಂಕಾದ ಬೌದ್ಧರು ವೈಶಾಖ ಹುಣ್ಣಿಮೆಗೆ ಮನೆ ಮನೆಯಲ್ಲೂ ಕಾಗದದ ಗೂಡುದೀಪ ಮಾಡ್ತಾರೆ. ರಸ್ತೆ ಬದಿಯಲ್ಲಿ ದನ್ಸಲ ಅಂತ ಹಾಕಿ ಹೋಗೋ ಬರೋರಿಗೆಲ್ಲ ಪುಕ್ಕಟೆ ಊಟ ಹಾಕ್ತಾರೆ. ನಾವೀಗ ಹಾರಿಸೋ ಪಂಚಶೀಲ ಧ್ವಜ ಹುಟ್ಟಿದ್ದೂ 1885ರಲ್ಲಿ ಕೊಲಂಬೋದಲ್ಲೇ. ದೀಪನೂ ಇದೆ, ಪಂಕ್ತಿನೂ ಇದೆ, ಭೇದ ಇಲ್ಲ. ಹೀಗೂ ಹಬ್ಬ ಮಾಡಬಹುದು ಅನ್ನೋಕೆ ಉದಾಹರಣೆ ಕಣ್ಣೆದುರಿಗೇ ಇದೆ.

ಈ ವರ್ಷ ಅಕ್ಟೋಬರ್ 14ಕ್ಕೆ ನಮ್ಮ ಮನೇಲಿ ಹೇಗೆ ಮಾಡ್ತೀವಿ ಅಂತ ಹೇಳ್ತೀನಿ, ಇಷ್ಟವಾದರೆ ನೀವೂ ಮಾಡಿ. ಒಂದು ಬಿಳಿ ಪಂಚೆ ಟೇಬಲ್ ಮೇಲೆ. ಟೇಬಲ್ ಇಲ್ಲದವರು ನೆಲದ ಮೇಲೆ ಚಾಪೆಗೆ ಹಾಸಿ, ಅದೇನು ಕಮ್ಮಿ ಅಲ್ಲ. ಅಂಚಿಗೆ ನೀಲಿ ರಿಬ್ಬನ್. ನಡುವೆ ಮಣ್ಣಿನ ಬಟ್ಟಲಲ್ಲಿ ನೀರು, ಅದರಲ್ಲಿ ನಮ್ಮ ಬೀದಿಯಲ್ಲೇ ಬೆಳೆಯೋ ಹೂವು. ಬಾಬಾಸಾಹೇಬರ ಒಂದು ಪುಸ್ತಕ, ಅದು ಬರೀ ಇಡೋಕಲ್ಲ, ಊಟಕ್ಕೆ ಮುಂಚೆ ಮಕ್ಕಳು ಒಂದು ಪುಟ ಓದಬೇಕು. ಬಾಗಿಲಿಗೆ ಮಕ್ಕಳೇ ಬಣ್ಣದ ಕಾಗದ ಕತ್ತರಿಸಿ ಮಾಡಿದ ಐದು ಬಣ್ಣದ ತೋರಣ. ಮಾವಿನ ಎಲೆ ಬೇಕಂದ್ರೆ ಅದೂ ಕಟ್ಟಿ, ಮಾವಿನ ಮರಕ್ಕೆ ಜಾತಿ ಇಲ್ಲ. ಖರ್ಚು ಮುನ್ನೂರು ರೂಪಾಯಿ ದಾಟಬಾರದು, ಸಾಲ ಅಂತೂ ಬೇಡವೇ ಬೇಡ. ಅಡುಗೆ ನಿಮ್ಮ ಅಜ್ಜಿ ಮಾಡ್ತಿದ್ದದ್ದು, ಮುಚ್ಚಿಟ್ಟು ಅಲ್ಲ, ಮುಂದಿಟ್ಟು. ಆ ದಿನ ಒಬ್ಬರಾದರೂ ನಿಮ್ಮ ಒಳಜಾತಿಯವರಲ್ಲದವರು, ಒಬ್ಬರಾದರೂ ನಿಮ್ಮ ಬೀದಿಯ ಪೌರಕಾರ್ಮಿಕ ಅಕ್ಕ ಊಟಕ್ಕಿರಲಿ. ಅವರನ್ನ ಕರೆದು ಪಾರ್ಸಲ್ ಕಟ್ಟಿಕೊಡಬೇಡಿ, ಪಕ್ಕದಲ್ಲಿ ಕೂರಿಸಿ. ಬಡಿಸೋದು ಗಂಡಸರು. ಪಾತ್ರೆ ತೊಳೆಯೋದೂ ಗಂಡಸರು.

ಬಾಡಿಗೆ ಮನೇಲಿರೋ ತಂಗಿಯರಿಗೆ ಒಂದು ಮಾತು. ಫೋಟೋ ಯಾವ ಗೋಡೆಗೆ ಹಾಕಬೇಕು ಅನ್ನೋದನ್ನ ನಿಮ್ಮ ಪರಿಸ್ಥಿತಿ ನೋಡಿ ನೀವೇ ತೀರ್ಮಾನ ಮಾಡಿ. ಧೈರ್ಯದ ಪಾಠ ಹೇಳೋರು ನಿಮ್ಮ ಬಾಡಿಗೆ ಕಟ್ಟಲ್ಲ. ಆದರೆ ಮಕ್ಕಳಿಗೆ ಮಾತ್ರ ಅವರು ಯಾರು ಅಂತ ನಿಜ ಹೇಳಿ. ಮನೆ ವಿಚಾರಕ್ಕೆ ತೊಂದರೆ ಆದರೆ ನನಗೆ ಬರೀರಿ, ವಕೀಲ ಗೆಳೆಯರಿದ್ದಾರೆ, ನಾವೆಲ್ಲ ಬರ್ತೀವಿ.

ಅಕ್ಟೋಬರ್ 14ರ ಸಂಜೆ ನಿಮ್ಮ ಫೋಟೋಗಳನ್ನ ಕಾಮೆಂಟಲ್ಲಿ ಹಾಕಿ. ಖಾಲಿ ಟೇಬಲ್ಲಿನ ಫೋಟೋ ಬೇಡ, ಸುತ್ತ ಕೂತೋರ ಫೋಟೋ ಹಾಕಿ. ಅಡುಗೆ ಮಾಡಿದೋಳು ಅದರಲ್ಲಿ ಕೂತಿರಬೇಕು, ಅವಳ ತಟ್ಟೆಯಲ್ಲಿ ಬಿಸಿ ಅನ್ನ ಇರಬೇಕು. ಯಾರಾದರೂ ಬಂದು "ಮನುವಾದಿ" ಅಂತ ಕಾಮೆಂಟ್ ಹಾಕಿದರೆ ಅವರಿಗೆ ಉತ್ತರ ನಾನು ಕೊಡ್ತೀನಿ.

ಜೈ ಭೀಮ್. ಜೈ ಸಾವಿತ್ರಿ.